ಕಪ್ಪ ಮತ್ತು ಕೊಸರು: ಭಟ್ಕಳ ಪೇಟೆಯ ಕತೆ

ನಮ್ಮ ಮುಟ್ಟಳ್ಳಿಯಲ್ಲಿ ‘ಪೇಟೆಗೆ ಹೋಗಿ ಬರುತ್ತೇನೆ’ ಎಂದರೆ ಭಟ್ಕಳಕ್ಕೆ ಎಂದೇ ಅರ್ಥ. ಊರಿನ ಹೆಸರನ್ನು ಬೇರೆಯಾಗಿ ಹೇಳುವ ರೂಢಿಯೇ ಇಲ್ಲ. ಗದ್ದೆಯ ಅಂಚು, ತೆಂಗಿನ ತೋಟ ದಾಟಿ ನಡೆದರೆ ಪೇಟೆ ಬರುತ್ತದೆ. ನಾನು ಅಮ್ಮನ ಸೆರಗು ಹಿಡಿದುಕೊಂಡು ಮೊದಲ ಸಲ ಅಲ್ಲಿಗೆ ಹೋದದ್ದು 1960ರ ದಶಕದ ಆರಂಭದ ವರ್ಷಗಳಲ್ಲಿ. ಅಮ್ಮನ ಕೈಯಲ್ಲಿ ಎರಡು ಚೀಲ ಇರುತ್ತಿದ್ದವು. ಒಂದು ತರಕಾರಿ, ದಿನಸಿಗೆ. ಇನ್ನೊಂದು ಮೀನಿಗೆ. ಈ ಎರಡು ಚೀಲ ಅದಲುಬದಲಾದರೆ ಮನೆಯಲ್ಲಿ ಅಜ್ಜಿಯ ಬೈಗುಳ ತಪ್ಪುತ್ತಿರಲಿಲ್ಲ.

ಮೀನುಪೇಟೆಯಲ್ಲಿ ಹೆಂಗಸರು ಸಾಲಾಗಿ ಕುಳಿತಿರುತ್ತಿದ್ದರು. ಎದುರಿಗೆ ಬಂಗಡೆ, ತಾರ್ಲೆ, ನೊಗಲಿ, ಸೆಟ್ಲಿಗಳ ಪಾಲುಗಳು. ಅಮ್ಮ ಒಂದು ಬಂಗಡೆಯನ್ನೆತ್ತಿ ಕಿವಿರು ಬಿಡಿಸಿ ನೋಡುವಳು.

“ಎಷ್ಟಕ್ಕೆ ಅಕ್ಕಾ ಈ ಪಾಲು?”

“ಎಂಟಾಣೆ, ತಂಗಿ.”

“ಎಂಟಾಣೆಯೋ! ಕಣ್ಣೆಲ್ಲ ಕೆಂಪಾಗಿದೆ. ನಾಲ್ಕಾಣೆಗೆ ಕೊಡು.”

“ಕೆಂಪಾದದ್ದು ಬಂಗಡೆ ಕಣ್ಣಲ್ಲ ತಂಗಿ, ಬೆಳಗಿಂದ ಬಿಸಿಲಲ್ಲಿ ಕೂತ ನನ್ನ ಕಣ್ಣು.”

ಅಮ್ಮ ಎದ್ದು ಎರಡು ಹೆಜ್ಜೆ ಮುಂದೆ ಹೋಗುವಳು. ಆಕೆ ಹಿಂದಿನಿಂದ ಕರೆಯುವಳು. ಕೊನೆಗೆ ಆರಾಣೆಗೆ ವ್ಯಾಪಾರ ಕುದುರುವುದು. ಹಣ ಕೊಟ್ಟ ಮೇಲೆ ಅಮ್ಮ ಚೀಲದ ಬಾಯಿಯನ್ನು ಹಾಗೆಯೇ ತೆರೆದು ಹಿಡಿದು, “ಮೇಲಿಂದ ಎರಡು ಹಾಕು” ಎನ್ನುವಳು. ಆಕೆ ಗೊಣಗುತ್ತ, ಆದರೆ ನಗುತ್ತ, ಎರಡು ಸಣ್ಣ ಬಂಗಡೆಗಳನ್ನು ಚೀಲಕ್ಕೆ ಎಸೆಯುವಳು.

ಆ ಎರಡು ಬಂಗಡೆಗಳಿಗೆ ಕನ್ನಡದಲ್ಲಿ ಒಂದು ಚೆಂದದ ಹೆಸರಿದೆ: ಕೊಸರು. ಅಳತೆಗೆ ಮೇಲಾಗಿ, ಬೆಲೆಗೆ ಹೊರತಾಗಿ, ಮಾರುವವನು ಕೊಳ್ಳುವವನಿಗೆ ಕೊಡುವ ಚೂರು. ಅದನ್ನು ಕೇಳುವ ಹಕ್ಕು ಗಿರಾಕಿಗಿಲ್ಲ, ಆದರೂ ಕೇಳುತ್ತಾನೆ. ಕೊಡಬೇಕೆಂಬ ಕಾಯಿದೆ ಅಂಗಡಿಯವನಿಗಿಲ್ಲ, ಆದರೂ ಕೊಡುತ್ತಾನೆ. ಪೇಟೆಯ ಸುಖವೆಲ್ಲ ಈ ಕೊಸರಿನಲ್ಲಿದೆ. ಪೇಟೆಯ ಗೋಳೂ ಅಲ್ಲಿಂದಲೇ ಹುಟ್ಟುತ್ತದೆ. ಬೆಲೆ ಗೊತ್ತುಮಾಡಿಟ್ಟದ್ದಾದರೆ ಮೋಸದ ಭಯವಿಲ್ಲ, ಮಾತಿನ ಆಯಾಸವಿಲ್ಲ; ಆದರೆ ಕೊಸರೂ ಇಲ್ಲ.

ಭಟ್ಕಳ, ಹೊನ್ನಾವರ, ಕುಮಟೆಗಳ ಪೇಟೆಗಳಿಗೆ ಬಹಳ ಹಿಂದಿನಿಂದ ಜಗತ್ತಿನ ನಾನಾ ಕಡೆಯ ಗಿರಾಕಿಗಳು ಬಂದಿದ್ದಾರೆ. ಚೀಲ ಹಿಡಿದು ಬಂದವರುಂಟು. ಫಿರಂಗಿ ಹಿಡಿದು ಬಂದವರೂ ಉಂಟು. ಇವರಲ್ಲಿ ಯಾರು ಉಳಿದರು, ಯಾರು ಹೋದರು ಎಂಬುದನ್ನು ನೋಡಿದರೆ ಪೇಟೆ ಎಂಬುದು ಯಾವುದರ ಬಲದಿಂದ ನಡೆಯುತ್ತದೆ ಎಂಬುದು ತಿಳಿದೀತು.

ಊಟದ ಎಲೆಯಿಂದಲೇ ಪ್ರಾರಂಭಿಸೋಣ. ಭಟ್ಕಳದ ಉತ್ತರಕ್ಕೆ, ಶರಾವತಿ ಕಡಲನ್ನು ಸೇರುವಲ್ಲಿರುವ ಹೊನ್ನಾವರಕ್ಕೆ 1340ರ ದಶಕದಲ್ಲಿ ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಬಂದಿದ್ದನು. ಅಲ್ಲಿನ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿ ಉಂಡ ಊಟವನ್ನು ಆತ ಬಡಿಸಿದ ಕ್ರಮದಲ್ಲಿಯೇ ಬರೆದಿಟ್ಟಿದ್ದಾನೆ. ಮೊದಲು ಅನ್ನ, ಅದರ ಮೇಲೆ ತುಪ್ಪ. ಪಕ್ಕದಲ್ಲಿ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ ಮತ್ತು ಮಾವಿನಕಾಯಿಯ ಉಪ್ಪಿನಕಾಯಿ. ಬಳಿಕ ಕೋಳಿ, ಮತ್ತೆ ಮೀನಿನ ಬಗೆಗಳು, ಆಮೇಲೆ ತರಕಾರಿ. ಒಂದೊಂದು ಪದಾರ್ಥಕ್ಕೂ ಮತ್ತೆ ಮತ್ತೆ ಅನ್ನ. ಕೊನೆಗೆ ಮೊಸರು, ಮೊಸರು ಬಂತೆಂದರೆ ಊಟ ಮುಗಿಯಿತೆಂದು ಲೆಕ್ಕ. ತಾನು ಆ ಸುಲ್ತಾನನ ಬಳಿ ಹನ್ನೊಂದು ತಿಂಗಳಿದ್ದರೂ ರೊಟ್ಟಿಯ ಮುಖ ಕಾಣಲಿಲ್ಲ, ಇವರ ಆಹಾರವೆಂದರೆ ಅನ್ನವೇ ಎಂದೂ ಆತ ಹೇಳಿದ್ದಾನೆ. ಸುಮಾರು 700 ವರ್ಷಗಳ ಹಿಂದಿನ ಈ ಊಟದಲ್ಲಿ ನಮಗೆ ಅಪರಿಚಿತವಾದದ್ದು ಬಹಳ ಕಡಿಮೆ. ಅನ್ನದಿಂದ ತೊಡಗಿ ಮೊಸರಿನಲ್ಲಿ ಮುಗಿಯುವ ಊಟ ಇಂದಿಗೂ ನಮ್ಮದೇ.

ಆದರೆ ಆ ಎಲೆಯಲ್ಲಿ ಇಲ್ಲದ ಒಂದು ವಸ್ತುವನ್ನು ಗಮನಿಸಬೇಕು. ಬತೂತ ಹೇಳಿದ ಮೆಣಸು ಬಳ್ಳಿಯಲ್ಲಿ ಬಿಡುವ ಕರಿಮೆಣಸು. ಇಂದು ಬಂಗಡೆಯ ಸಾರಿಗೆ ಕೆಂಬಣ್ಣ ಕೊಡುವ ಮೆಣಸಿನಕಾಯಿ ಆಗ ನಮ್ಮ ದೇಶದಲ್ಲಿ ಇರಲೇ ಇಲ್ಲ. ಅದು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳು ಬಂದ ನಂತರ, 16ನೆಯ ಶತಮಾನದಲ್ಲಿ, ನಮ್ಮ ಕರಾವಳಿಗೆ ಬಂತು. ಗೇರು, ಅನಾನಸು, ಪಪ್ಪಾಯಿಗಳೂ ಅಮೆರಿಕದಿಂದ ಬಂದವೇ. ಬಟಾಟೆ ತನ್ನ ಪೋರ್ಚುಗೀಸ್ ಹೆಸರನ್ನು ಇನ್ನೂ ಬಿಟ್ಟಿಲ್ಲ. ಮೆಣಸಿನಕಾಯಿ ಮಾತ್ರ ಹೊಸಬನಾಗಿ ಬಂದು ಮನೆಯ ಹೆಸರನ್ನೇ ತನ್ನದಾಗಿ ಮಾಡಿಕೊಂಡಿತು. ನಮ್ಮ ಕಡೆ ಇಂದು ‘ಮೆಣಸು’ ಎಂದರೆ ಈ ಕೆಂಪು ಮೆಣಸು. ಮನೆಯ ಹಳೆಯ ಯಜಮಾನನಿಗೆ ‘ಕರಿಮೆಣಸು’, ‘ಕಾಳುಮೆಣಸು’ ಎಂದು ವಿಶೇಷಣ ಸೇರಿಸಿ ಕರೆಯಬೇಕಾಗಿ ಬಂದಿದೆ. ಪೇಟೆ ಹೊಸಬರನ್ನು ಹೇಗೆ ಒಳಗೆ ಮಾಡಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಇನ್ನು ಭಟ್ಕಳಕ್ಕೆ ಬರೋಣ. ವಿಜಯನಗರದ ಕಾಲದಲ್ಲಿ ಇದು ಪಡುಗಡಲಿನ ದೊಡ್ಡ ಬಂದರುಗಳಲ್ಲಿ ಒಂದು. ಸಾಮ್ರಾಜ್ಯದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಸುಮಾರು 1516ರಲ್ಲಿ ಈ ಕರಾವಳಿಯ ವರ್ಣನೆ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೊಸ ಭಟ್ಕಳದ ವ್ಯಾಪಾರವನ್ನು ವಿವರವಾಗಿ ಹೇಳಿದ್ದಾನೆ. ಹೊರ್ಮುಜ್‌ನ ಹಡಗುಗಳು ಕುದುರೆ, ಮುತ್ತುಗಳನ್ನು ತಂದು ಇಲ್ಲಿಂದ ಅಕ್ಕಿ, ಪುಡಿಸಕ್ಕರೆ, ಕಬ್ಬಿಣಗಳನ್ನು ತುಂಬಿಕೊಂಡು ಹೋಗುತ್ತಿದ್ದವು. ಮಲಬಾರಿನವರು ತೆಂಗಿನಕಾಯಿ, ತಾಳೆಬೆಲ್ಲ ತರುತ್ತಿದ್ದರು. ಈ ಸೀಮೆಯ ಅಕ್ಕಿಯಲ್ಲಿ ನಾಲ್ಕು ದರ್ಜೆಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಬೆಲೆ, ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ ಒಂದೇ ಅಳತೆಯ ಮೂಟೆಗಳನ್ನಾಗಿ ಕಟ್ಟುತ್ತಾರೆ ಎಂದು ಆತ ಬರೆದದ್ದನ್ನು ಓದಿದಾಗ ನನಗೆ ನಮ್ಮ ಮನೆಯ ಅಟ್ಟ ನೆನಪಾಯಿತು. ಅದು ನಮ್ಮ ಅಕ್ಕಿಮುಡಿಯೇ! ಬೈಹುಲ್ಲಿನ ಹಗ್ಗ ಹೊಸೆದು ಬಿಗಿದ ಆ ಗುಂಡು ಮುಡಿಯನ್ನು ಕಟ್ಟುವುದು ಒಂದು ವಿದ್ಯೆ. ಪರದೇಶದ ಹಡಗನ್ನು ತುಂಬಿಸಿದ ಆ ಅಕ್ಕಿ ಬೆಳೆದದ್ದು ಮಾತ್ರ ಪೇಟೆಯ ಬೀದಿಯಲ್ಲಲ್ಲ. ಪ್ರವಾಸಿಗಳ ಪುಸ್ತಕದಲ್ಲಿ ಹೆಸರು ಸಿಗದ, ನಮ್ಮ ಮುಟ್ಟಳ್ಳಿಯಂಥ ಹಳ್ಳಿಗಳ ಗದ್ದೆಬಯಲುಗಳಲ್ಲಿ.

ಬಾರ್ಬೊಸನಿಗಿಂತ ಮೊದಲೇ, 1502ರಲ್ಲಿ, ಇನ್ನೊಬ್ಬ ಗಿರಾಕಿ ಭಟ್ಕಳದ ಬಾಗಿಲಿಗೆ ಬಂದಿದ್ದನು. ಅವನೇ ವಾಸ್ಕೊ ಡ ಗಾಮ. ಅದು ಅವನ ಎರಡನೆಯ ಯಾನ. ಈ ಸಲ ಅವನ ಜೊತೆ ಯುದ್ಧದ ಹಡಗುಗಳಿದ್ದವು. ಹೊಳೆಯ ಬಾಯಿಯನ್ನು ನುಗ್ಗಿ ಅವನು ವಿಧಿಸಿದ ಷರತ್ತುಗಳನ್ನು ಗ್ಯಾಸ್ಪರ್ ಕೊರೆಯ ಎಂಬ ಪೋರ್ಚುಗೀಸ್ ಇತಿಹಾಸಕಾರ ದಾಖಲಿಸಿದ್ದಾನೆ. ಇಲ್ಲಿ ಮೆಣಸಿನ ವ್ಯಾಪಾರ ಕೂಡದು, ತುರ್ಕರ ಹಡಗುಗಳಿಗೆ ಆಶ್ರಯ ಕೂಡದು, ಕಲ್ಲಿಕೋಟೆಗೆ ಇಲ್ಲಿಂದ ಹಡಗು ಹೋಗಕೂಡದು. ಇವುಗಳ ಮೇಲೆ ವರ್ಷವರ್ಷವೂ ಅಕ್ಕಿಯ ಕಪ್ಪ: 1000 ಹೇರು ಸಾಧಾರಣ ಅಕ್ಕಿ ಹಡಗಿನ ಆಳುಗಳಿಗೆ, 500 ಹೇರು ಮೇಲ್ತರದ ಅಕ್ಕಿ ಕಪ್ತಾನರಿಗೆ. ನಮ್ಮ ಅಕ್ಕಿಯ ದರ್ಜೆಗಳನ್ನು ಅವರು ಎಷ್ಟು ಬೇಗ ಕಲಿತರು ನೋಡಿ! ಕಪ್ಪಕ್ಕೂ ಕೊಸರಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಬೆಲೆ ಕೊಡದೆ ಪದಾರ್ಥ ಕೈಸೇರುತ್ತದೆ. ಕೊಸರನ್ನು ಕೊಟ್ಟವನು ಮರುದಿನವೂ ಗಿರಾಕಿಯ ದಾರಿ ನೋಡುತ್ತಾನೆ. ಕಪ್ಪ ಕೊಟ್ಟವನು ಆತ ಬಾರದಿರಲಿ ಎಂದು ಹರಸಿಕೊಳ್ಳುತ್ತಾನೆ.

ಕಪ್ಪದ ವ್ಯವಹಾರ ಮುಂದೆ ಎಲ್ಲಿಗೆ ಮುಟ್ಟಿತೆಂಬುದನ್ನು 1542ನೆಯ ಇಸವಿ ತೋರಿಸುತ್ತದೆ. ಆ ವರ್ಷ ಗವರ್ನರ್ ಮಾರ್ತಿಂ ಅಫೊನ್ಸೊ ಡಿ ಸೋಜ ಭಟ್ಕಳದ ಮೇಲೆ ದಂಡೆತ್ತಿ ಬಂದು ಊರನ್ನು ಸುಟ್ಟನು. ತೆಂಗಿನ ತೋಟಗಳನ್ನು ಕಡಿಸಿದನು. ಲೂಟಿ ಹಂಚಿಕೊಳ್ಳುವಾಗ ಅವನ ಸೈನಿಕರು ತಮ್ಮತಮ್ಮಲ್ಲೇ ಜಗಳವಾಡಿದರಂತೆ. ಫಲ ಬಿಡಲು ವರ್ಷಗಟ್ಟಲೆ ಹಿಡಿಯುವ ತೆಂಗಿನ ಮರವನ್ನು ಕಡಿದವನು ಆ ಪೇಟೆಗೆ ಮತ್ತೆ ಗಿರಾಕಿಯಾಗಿ ಬರುವ ಯೋಚನೆಯನ್ನೇ ಬಿಟ್ಟವನು ಎನ್ನಬೇಕು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಕುದುರೆಯ ವ್ಯಾಪಾರವೂ ಕುಂದಿತು. ಆದರೂ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿ ಘಟ್ಟದ ಮೆಣಸು ಈ ಬಂದರುಗಳಿಗೆ ಇಳಿಯುತ್ತಲೇ ಇತ್ತು. ಪೋರ್ಚುಗೀಸರೇ ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಮುಂದೆ ಕೆಳದಿಯ ನಾಯಕರ ಕಾಲದಲ್ಲಿ, 1637ರಲ್ಲಿ, ಇಂಗ್ಲಿಷರು ಬಂದು ಭಟ್ಕಳದಲ್ಲಿ ಮೆಣಸಿನ ಕೋಠಿ ತೆರೆದರು. ಅದು ಕೆಲವೇ ವರ್ಷ ನಡೆಯಿತು. 1637 ಮತ್ತು 1638ರಲ್ಲಿ ತೀರಿಕೊಂಡ ಇಬ್ಬರು ವ್ಯಾಪಾರಿಗಳ ಮತ್ತು ಒಬ್ಬ ವೈದ್ಯನ ಗೋರಿಕಲ್ಲುಗಳು ಆ ಸಾಹಸದ ಗುರುತಾಗಿ ಉಳಿದವು.

ಹೀಗೆ ದೊಡ್ಡ ಗಿರಾಕಿಗಳು ಒಬ್ಬೊಬ್ಬರಾಗಿ ಹೋದರು. ಬಂದರಿನ ವೈಭವವೂ ಹೋಯಿತು. ಪೇಟೆ ಮಾತ್ರ ಉಳಿಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಾಗ ಭಟ್ಕಳದಲ್ಲಿದ್ದವು 500 ಮನೆಗಳು, ಎರಡು ಮಸೀದಿಗಳು ಮತ್ತು ಅನೇಕ ಗುಡಿಗಳು. ಇಲ್ಲಿನ ಮುಸಲ್ಮಾನರಲ್ಲಿ ಹಲವರು ಸ್ಥಿತಿವಂತರು, ವ್ಯಾಪಾರಕ್ಕಾಗಿ ಕರಾವಳಿಯ ನಾನಾ ಕಡೆ ಹೋಗುತ್ತಾರೆ, ಆದರೆ ಮನೆಮಂದಿಯನ್ನು ಇಲ್ಲಿಯೇ ಬಿಟ್ಟಿರುತ್ತಾರೆ, ಇದೇ ಅವರ ಸ್ವಂತ ಊರು ಎಂದು ಆತ ಬರೆದಿದ್ದಾನೆ. ಅವರೇ ನವಾಯತರು. ಅರಬ್ಬಿ, ಪಾರಸಿ ವ್ಯಾಪಾರಿಗಳು ಈ ನೆಲದವರೊಡನೆ ಬೆರೆತು ಬೆಳೆದ ಸಮುದಾಯ. ಮನೆಯಲ್ಲಿ ಆಡುವುದು ಕೊಂಕಣಿಯ ಒಂದು ಬಗೆ. ‘ಶಾಬಂದ್ರಿ’ ಎಂಬ ಅವರ ಮನೆತನದ ಹೆಸರಿನಲ್ಲಿ ‘ಶಾಹ್ ಬಂದರ್’, ಅಂದರೆ ಬಂದರಿನ ಅಧಿಕಾರಿ ಎಂಬ ಹಳೆಯ ಹುದ್ದೆ ಇನ್ನೂ ಜೀವಂತವಾಗಿದೆ. ಬುಕಾನನ್ನನ ಮಾತನ್ನು ಇಂದಿಗೂ ಬದಲಾಯಿಸಬೇಕಾಗಿಲ್ಲ. 1970ರ ದಶಕದಿಂದ ಗಂಡಸರು ಕೊಲ್ಲಿಯ ದೇಶಗಳಿಗೆ ಹೆಚ್ಚು ಸಂಖ್ಯೆಯಲ್ಲಿ ಹೋದರು, ದುಡಿದದ್ದನ್ನು ಊರಿಗೆ ಕಳಿಸಿದರು. ಆ ದುಡ್ಡು ಕೊನೆಗೆ ಬಂದು ಸೇರುವುದು ಮೀನಿನ ಬುಟ್ಟಿಗೆ, ಹೂವಿನ ಮಾಲೆಗೆ, ತರಕಾರಿಯ ತಟ್ಟೆಗೆ. ಎಂದರೆ ಮುಟ್ಟಳ್ಳಿಯ ಹಿತ್ತಿಲಿನ ಬಸಳೆಗೂ ದುಬೈಯ ಸಂಬಳಕ್ಕೂ ನಂಟುಂಟು.

ಪೇಟೆಯ ಹಣೆಬರಹ ದಾರಿಯ ಮೇಲೂ ನಿಂತಿದೆ ಎಂಬುದಕ್ಕೆ ನೆರೆಯ ಕುಮಟೆಯೇ ಸಾಕ್ಷಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಆಗ ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂತು. ಅಲ್ಲಿ ಬೆಳೆಯದಿದ್ದರೂ ‘ಕುಮಟಾ ಹತ್ತಿ’ ಎಂದೇ ಜಗತ್ಪ್ರಸಿದ್ಧವಾಯಿತು. ಹತ್ತಿ ತಂದ ಎತ್ತಿನ ಗಾಡಿಗಳು ಬರಿದಾಗಿ ಹಿಂದಿರುಗುತ್ತಿರಲಿಲ್ಲ. ಉಪ್ಪು, ತೆಂಗಿನಕಾಯಿ ಹೇರಿಕೊಂಡು ಘಟ್ಟ ಹತ್ತುತ್ತಿದ್ದವು. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವೆಗೆ ರೈಲು ಓಡತೊಡಗಿದಾಗ ಹತ್ತಿ ಆ ದಾರಿ ಹಿಡಿಯಿತು. ಕುಮಟೆಯ ಬಂದರು ಬಡವಾಯಿತು. ಆದರೆ ಇಂದಿಗೂ ಬೇಸಿಗೆಯಲ್ಲಿ ಹೆದ್ದಾರಿಯಲ್ಲಿ ಹೋಗುವವರು ಕುಮಟೆಯ ಬಳಿ ವಾಹನ ನಿಲ್ಲಿಸುತ್ತಾರೆ. ಅಳ್ವೇಕೋಡಿ, ಹಂದಿಗೋಣದ ರೈತರು ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಅವರನ್ನು ಮುಂದೆ ಹೋಗಗೊಡುವುದಿಲ್ಲ. ಹತ್ತಿಯ ವ್ಯಾಪಾರ ಹೋಯಿತು, ಈರುಳ್ಳಿಯ ಜಡೆ ಉಳಿಯಿತು.

ಉಪ್ಪಿನ ಮಾತು ಬಂತು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಸಮುದ್ರದ ನೀರನ್ನು ಒಣಗಿಸಿ ಉಪ್ಪು ಮಾಡುವುದು ಹಳೆಯ ಕಸುಬು. 1952ರಿಂದ ಅಲ್ಲಿನ ಉಪ್ಪಿನ ಮಾಲೀಕರ ಸಹಕಾರಿ ಸಂಘ ಈ ಕೆಲಸ ನಡೆಸುತ್ತ ಬಂದಿದೆ. ಮೀನುಪೇಟೆಗೂ ಉಪ್ಪಿಗೂ ಪ್ರಾಣದ ಸಂಬಂಧ. ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಹೆಚ್ಚಾದ ಮೀನನ್ನು ಉಳಿಸಿಕೊಳ್ಳಲು ಇದ್ದ ಉಪಾಯವೆಂದರೆ ಉಪ್ಪು ಮತ್ತು ಬಿಸಿಲು. ಅಂಥ ಉಪ್ಪಿನ ಮೇಲೆ ಬ್ರಿಟಿಷ್ ಸರಕಾರ ತೆರಿಗೆ ಹಾಕಿತ್ತು. ಅದೂ ಒಂದು ಕಪ್ಪವೇ. 1930ರ ಏಪ್ರಿಲ್ 13ರಂದು ನಮ್ಮ ಜಿಲ್ಲೆಯ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಜನ ಉಪ್ಪಿನ ಕಾಯಿದೆಯನ್ನು ಮುರಿದರು. ತಯಾರಿಸಿದ ಉಪ್ಪನ್ನು ಬಹಿರಂಗವಾಗಿ ಹರಾಜು ಹಾಕಿದರು. ಚಿಟಿಕೆ ಉಪ್ಪಿಗೆ ಜನ ಸಂತೋಷದಿಂದ ಹೆಚ್ಚು ಹಣ ಕೊಟ್ಟರು. ಗಿರಾಕಿಯೇ ವ್ಯಾಪಾರಿಗೆ ಕೊಸರು ಕೊಟ್ಟ ಪ್ರಸಂಗ ಅದು.

ಈಗ ಗೋಳಿನ ಕಡೆಗೆ ತಿರುಗೋಣ. ಪೇಟೆಯ ಮೊದಲ ಗೋಳು ಅಳತೆಯದು. ನನ್ನ ಬಾಲ್ಯದಲ್ಲಿ ಸಿದ್ದೆ, ಪಾವು, ಸೇರು, ಕೊಳಗಗಳು ಬಳಕೆಯಲ್ಲಿದ್ದವು. ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸರಿಹೊಂದುತ್ತಿರಲಿಲ್ಲ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಹದಿನಾರಾಣೆಯ ರೂಪಾಯಿ ನೂರು ಪೈಸೆಯದಾಯಿತು. 1956ರ ಕಾಯಿದೆಯ ಪ್ರಕಾರ 1958ರಿಂದ 1962ರೊಳಗೆ ಕಿಲೋಗ್ರಾಂ, ಲೀಟರುಗಳು ಹಂತಹಂತವಾಗಿ ಜಾರಿಗೆ ಬಂದವು. ಆದರೂ ಅಮ್ಮ ಬಹಳ ವರ್ಷ ಆಣೆಯಲ್ಲೇ ಚೌಕಾಸಿ ಮಾಡಿ ಪೈಸೆಯಲ್ಲಿ ಹಣ ಕೊಡುತ್ತಿದ್ದಳು. ಈ ಎರಡರ ನಡುವಿನ ಲೆಕ್ಕದಲ್ಲಿ ಯಾರಿಗೆ ಲಾಭವಾಯಿತೋ ದೇವರೇ ಬಲ್ಲ! ತಕ್ಕಡಿಯ ಕೆಳಗೆ ಹುಣಿಸೆಹಣ್ಣು ಅಂಟಿಸುವ ಕತೆಗಳನ್ನು ನಾವೆಲ್ಲ ಕೇಳಿ ಬೆಳೆದವರು. ತೂಕದ ಕಲ್ಲಿನ ಸೀಸದ ಮೇಲೆ ಸರಕಾರದ ಮುದ್ರೆ ಇದೆಯೇ ಎಂದು ನೋಡುವುದನ್ನು ಅಪ್ಪ ನನಗೆ ಕಲಿಸಿದ್ದನು. ಇಂದು ಅಂಕಿ ತೋರಿಸುವ ವಿದ್ಯುತ್ ತಕ್ಕಡಿ ಬಂದಿದೆ. ಅದಕ್ಕೂ ಮುದ್ರೆ ಬೇಕು, ಗಿರಾಕಿಗೆ ನೋಡುವ ಕಣ್ಣೂ ಬೇಕು. ಮೀನಿನ ಪಾಲಿಗೆ ಮಾತ್ರ ಎಷ್ಟೋ ಸಲ ತಕ್ಕಡಿಯೇ ಇಲ್ಲ. ಅಲ್ಲಿ ನಂಬಿಕೆಯೇ ತಕ್ಕಡಿ.

ಎರಡನೆಯ ಗೋಳು ಬೆಲೆಯದು. ಹಿಂದೆ ರಂಪಣಿ ಬಲೆ ಬೀಸುತ್ತಿದ್ದ ಕಾಲದಲ್ಲಿ ಹತ್ತಾರು ಜನ ಸೇರಿ ದಡದಿಂದಲೇ ಬಲೆ ಎಳೆಯುತ್ತಿದ್ದರು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ಬಂಗಡೆಯ ಹಿಂಡು ಸಿಕ್ಕಿದ ದಿನ ಊರಿಗೆಲ್ಲ ಹಬ್ಬ, ಬುಟ್ಟಿಗೆ ಬೆಲೆಯೇ ಇರುತ್ತಿರಲಿಲ್ಲ. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಕರ್ನಾಟಕದ ಕರಾವಳಿಗೆ ಬಂತು. ದಡಕ್ಕೆ ಬರುವ ಮೊದಲೇ ಹಿಂಡನ್ನು ಕಡಲಿನಲ್ಲಿಯೇ ಸುತ್ತುವರಿಯುವ ಬಲೆ ಅದು. ರಂಪಣಿಯವರು ಪ್ರತಿಭಟಿಸಿದರು, ಸೋತರು. ಮಂಜುಗಡ್ಡೆ ಮತ್ತು ಲಾರಿ ಸೇರಿಕೊಂಡ ಮೇಲೆ ನಮ್ಮ ಕಡಲಿನ ಮೀನಿನ ಬೆಲೆ ದೂರದ ಊರುಗಳಲ್ಲಿ ನಿರ್ಧಾರವಾಗತೊಡಗಿತು. ತೆಂಗಿನಗುಂಡಿ, ಮಾವಿನಕುರ್ವೆಗಳ ಬಂದರಿನ ಮಗ್ಗುಲಲ್ಲಿಯೇ ಇದ್ದುಕೊಂಡು ಮಂಜಿನ ಪೆಟ್ಟಿಗೆಯ ಮೀನು ಕೊಳ್ಳಬೇಕಾಗಿ ಬಂದಾಗ ಗಿರಾಕಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟನ್ನು ನಾವು ತೋರಿಸುವುದು ಎದುರಿಗೆ ಕುಳಿತ ಹೆಂಗಸಿನ ಮೇಲೆ. ಆದರೆ ನಸುಕಿಗೆ ಬಂದರಿಗೆ ಹೋಗಿ ಹರಾಜಿನಲ್ಲಿ ಕೂಗಿ, ಸಾಲದ ದುಡ್ಡಿನಲ್ಲಿ ಮೀನು ಕೊಂಡು ತಂದು, ಸಂಜೆಯೊಳಗೆ ಮಾರದಿದ್ದರೆ ನಷ್ಟ ಹೊರುವವಳು ಅವಳೇ.

ಉಳಿದ ಗೋಳುಗಳನ್ನು ಹೇಳುತ್ತ ಹೋದರೆ ಮುಗಿಯದು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಮೀನಿನ ಸಂತಾನ ಉಳಿಯಲೆಂದು ಮಾಡಿದ ಒಳ್ಳೆಯ ನಿಯಮ. ಆದರೆ ಆ ಎರಡು ತಿಂಗಳು ಪೇಟೆಯಲ್ಲಿ ಒಣಮೀನಿನದೇ ರಾಜ್ಯ. ಮಳೆಗಾಲದಲ್ಲಿ ಊರ ತರಕಾರಿಯೂ ಕಡಿಮೆ. ಘಟ್ಟದ ಮೇಲಿನಿಂದ ಲಾರಿ ಬರಬೇಕು, ಘಟ್ಟದಲ್ಲಿ ಮಣ್ಣು ಕುಸಿದರೆ ಅದೂ ಇಲ್ಲ. ಕೆಸರು, ಕೊಡೆಗಳ ತಿವಿತ, ಸೋರುವ ತಗಡು, ಇಕ್ಕಟ್ಟಿನ ಬೀದಿಯಲ್ಲಿ ನುಗ್ಗುವ ವಾಹನ, ಹಬ್ಬದ ಮುನ್ನಾದಿನ ಏಕಾಏಕಿ ಏರುವ ಬೆಲೆ. ಕೆಳಗೆ ಬಾಡಿದ ಹರಿವೆ, ಮೇಲೆ ಹಸಿರು ಹರಿವೆ ಇಟ್ಟು ಕಟ್ಟಿದ ಕಟ್ಟು ಮನೆಗೆ ಬಂದ ಮೇಲೆಯೇ ತನ್ನ ಗುಟ್ಟು ಬಿಟ್ಟುಕೊಡುವುದು. ಇವನ್ನೆಲ್ಲ ಅನುಭವಿಸಿ ‘ಇನ್ನು ಈ ಪೇಟೆಯ ಸಹವಾಸ ಸಾಕು’ ಎಂದುಕೊಂಡವನು ಮುಂದಿನ ವಾರ ಚೀಲ ಹಿಡಿದು ಮತ್ತೆ ಅಲ್ಲಿಯೇ ಇರುತ್ತಾನೆ.

ಯಾಕೆಂದರೆ ಬೇರೆಲ್ಲಿಯೂ ಸಿಗದ ಸುಖ ಅಲ್ಲುಂಟು. ನಸುಕಿನಲ್ಲಿ ಕೊಯ್ದು ಬಾಳೆನಾರಿನಲ್ಲಿ ಕಟ್ಟಿದ ಭಟ್ಕಳ ಮಲ್ಲಿಗೆಯ ಪರಿಮಳ ಮೀನಿನ ವಾಸನೆಯೊಡನೆ ಸೆಣಸುವ ಒಂದು ತಿರುವು ಅಲ್ಲುಂಟು. ಬೇಸಿಗೆಯಲ್ಲಿ ಮೊಗೆಕಾಯಿ, ಹಲಸು, ಮುರುಗಲು, ಉಪ್ಪಿನಕಾಯಿಗೆ ಅಪ್ಪೆಮಿಡಿ. ಇಬ್ನ್ ಬತೂತನಿಗೆ ಹನ್ನೊಂದು ತಿಂಗಳು ಸಿಗದ ರೊಟ್ಟಿ ಇಂದು ಬೇಕರಿಯ ಬಿಸಿ ಪಾವಿನ ರೂಪದಲ್ಲಿ ಮೂಲೆಮೂಲೆಗೆ ಸಿಗುತ್ತದೆ. ಪಾವ್ ಎಂಬ ಆ ಹೆಸರೂ ಪೋರ್ಚುಗೀಸರದೇ. ರಂಜಾನಿನ ಕೊನೆಯ ದಿನಗಳಲ್ಲಿ ಮುಖ್ಯರಸ್ತೆಯ ಎರಡೂ ಬದಿಗೆ ಅಂಗಡಿಗಳು ಏಳುತ್ತವೆ. ರಾತ್ರಿಯ ದೀಪದ ಬೆಳಕಿನಲ್ಲಿ ಸುತ್ತಲ ಹಳ್ಳಿಯ ಹಿಂದೂಗಳೂ ಮನೆಮಂದಿಯೊಡನೆ ಬಂದು ಕೊಳ್ಳುತ್ತಾರೆ, ತಿನ್ನುತ್ತಾರೆ, ಗುರುತಿನವರನ್ನು ಕಂಡು ಮಾತಾಡುತ್ತಾರೆ.

ಭಟ್ಕಳದ ಮಾತಾಡುವಾಗ ಒಂದು ನೋವಿನ ವರ್ಷವನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕವಾಗಲಾರದು. 1993ರಲ್ಲಿ ಇಲ್ಲಿ ಕೋಮು ಗಲಭೆಗಳು ತಿಂಗಳುಗಟ್ಟಲೆ ನಡೆದವು. ಜೀವಗಳು ಹೋದವು, ಅಂಗಡಿ ಮನೆಗಳು ಸುಟ್ಟವು. ಮುಂದೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ನಡೆಸಿತು. ಆ ಕಾಲದಲ್ಲಿ ಪೇಟೆ ಮುಚ್ಚಿದಾಗ ನಮಗೆ ತಿಳಿದದ್ದು ಒಂದೇ: ನಮ್ಮ ಮನೆಯ ಒಲೆ ಎಷ್ಟು ಕೈಗಳನ್ನು ನಂಬಿಕೊಂಡಿತ್ತು ಎಂಬುದು. ಬೇಳೆ ಒಬ್ಬರ ಅಂಗಡಿಯದು, ಮೀನು ಒಬ್ಬರ ಬುಟ್ಟಿಯದು, ಅದನ್ನು ಕೊಳ್ಳುವ ದುಡ್ಡು ಇನ್ನೊಬ್ಬರಿಗೆ ಮಾರಿದ ತೆಂಗಿನಕಾಯಿಯದು.

ಅಪ್ಪನ ಉದ್ರಿ ಲೆಕ್ಕ ಒಬ್ಬ ಮುಸಲ್ಮಾನರ ದಿನಸಿ ಅಂಗಡಿಯಲ್ಲಿತ್ತು. ಬಾಗಿಲುಗಳು ಮತ್ತೆ ತೆರೆದ ಮೇಲೆ ಒಂದು ಬೆಳಿಗ್ಗೆ ಅಪ್ಪ, “ಬಾಕಿ ಕೊಟ್ಟು ಬರ್ತೆ” ಎಂದು ಹೊರಟ. ನಾನೂ ಜೊತೆಗೆ ಹೋದೆ. ಇಬ್ಬರಲ್ಲಿ ಯಾರೂ ನಡೆದುಹೋದ ಸಂಗತಿಯನ್ನು ಎತ್ತಲಿಲ್ಲ. “ಬನ್ನಿ ನಾಯ್ಕರೇ” ಎಂದರು ಅವರು. “ಲೆಕ್ಕ ನೋಡಿ ಸಾಹೇಬರೇ” ಎಂದ ಅಪ್ಪ. ಪುಸ್ತಕ ತೆರೆಯಿತು, ಹಣ ಎಣಿಸಿದ್ದಾಯಿತು, ಹೆಸರಿನ ಮುಂದೆ ಗೆರೆ ಎಳೆದದ್ದಾಯಿತು. ಅಪ್ಪ ಒಂದಿಷ್ಟು ಬೆಲ್ಲ, ಬೇಳೆ ಕೊಂಡ. ಏಳುವಾಗ ಅವರು ನನ್ನ ಬಾಲ್ಯದಿಂದ ಮಾಡುತ್ತಿದ್ದಂತೆಯೇ ಒಂದು ಚೂರು ಕಾಗದದಲ್ಲಿ ನಾಲ್ಕು ಒಣದ್ರಾಕ್ಷಿ ಸುತ್ತಿ, “ಮೊಮ್ಮಗಳಿಗೆ” ಎಂದು ಅಪ್ಪನ ಕೈಗಿಟ್ಟರು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಆ ಪೊಟ್ಟಣವನ್ನು ಮಾತ್ರ ಚೀಲಕ್ಕೆ ಹಾಕದೆ ಕೈಯಲ್ಲಿಯೇ ಹಿಡಿದುಕೊಂಡು ಬಂದ.

ಒಂದು ಪೊಟ್ಟಣ ದ್ರಾಕ್ಷಿಯಿಂದ ಊರಿನ ಗಾಯ ಮಾಯುತ್ತದೆ ಎಂದು ನಾನು ಹೇಳುತ್ತಿಲ್ಲ; ಅಂಥ ಗಾಯಗಳಿಗೆ ನ್ಯಾಯವೂ ಬೇಕು, ಕಾಲವೂ ಬೇಕು. ಆದರೆ ಬಾಕಿ ಕೊಡಲು ಹೋಗುವವನು ಮತ್ತು ಕೊಸರು ಕೊಡಲು ಮರೆಯದವನು ಇಬ್ಬರೂ ಇಲ್ಲದಿದ್ದರೆ ಪೇಟೆ ಮತ್ತೆ ತೆರೆಯುವುದು ಕಷ್ಟ. ಕಪ್ಪ ವಸೂಲು ಮಾಡಿದವರ ಹಡಗುಗಳು ಹೊರಟುಹೋಗಿ ಶತಮಾನಗಳಾದವು. ಅವರು ತಂದ ಮೆಣಸಿನಕಾಯಿ ಪೇಟೆಯ ರೀತಿಯನ್ನು ಕಲಿತು ನಮ್ಮದಾಯಿತು. ಅವರ ಫಿರಂಗಿ ಕಲಿಯಲಿಲ್ಲ.

ಮೊನ್ನೆ ಮುಟ್ಟಳ್ಳಿಗೆ ಹೋದಾಗ ನಾನು ಚೀಲ ಹಿಡಿದು ಮತ್ತೆ ಮೀನುಪೇಟೆಗೆ ಹೋದೆ. ಮಾರುವಾಕೆಯ ಬುಟ್ಟಿಯ ಪಕ್ಕದಲ್ಲಿ ಮೊಬೈಲಿನಿಂದ ಹಣ ಕಳಿಸುವ ಚೌಕುಳಿ ಚಿತ್ರದ ಹಲಗೆ. ಆಕೆ ಹೇಳಿದ ಬೆಲೆಗೆ ನಾನು ಹೌಹಾರಿದೆ. ಚೌಕಾಸಿ ನಡೆಯಿತು. ಹಣ ಕಳಿಸಿದೆ, ಪೈಸೆ ಹೆಚ್ಚಿಲ್ಲ, ಪೈಸೆ ಕಡಿಮೆಯಿಲ್ಲ. ಆಮೇಲೆ ಚೀಲದ ಬಾಯಿಯನ್ನು ಹಾಗೆಯೇ ತೆರೆದು ಹಿಡಿದು ನಿಂತೆ. ಆಕೆ ನನ್ನ ಮುಖ ನೋಡಿ, “ಮುಟ್ಟಳ್ಳಿಯವರಾ?” ಎಂದು ನಕ್ಕು ಎರಡು ಸಣ್ಣ ಬಂಗಡೆಗಳನ್ನು ಒಳಗೆ ಹಾಕಿದಳು.